ಪರೀಕ್ಷಾ ವೇಳಾಪಟ್ಟಿಯೂ ಪವಿತ್ರ ದಿನಗಳೂ: ನನ್ನ ಅನುಭವ

ದಾವಣಗೆರೆ ಬಳಿಯ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ನಮ್ಮ ಸ್ನಾತಕೋತ್ತರ ವಿಭಾಗದ ಆಂತರಿಕ ಪರೀಕ್ಷೆಗಳ ವೇಳಾಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಸರ್ಕಾರಿ ರಜಾಪಟ್ಟಿಯೊಂದನ್ನೇ ನೆಚ್ಚಿಕೊಳ್ಳದೆ, ವಿವಿಧ ಧರ್ಮಗಳ ಪವಿತ್ರ ದಿನಗಳನ್ನು ಬೇರೆಯಾಗಿಯೇ ಬರೆದುಕೊಂಡೆ. ಕಚೇರಿ ಎಂದು ಮುಚ್ಚಿರುತ್ತದೆ ಎಂಬುದು ರಜಾಪಟ್ಟಿಯಿಂದ ತಿಳಿಯುತ್ತದೆ. ಯಾರು ಉಪವಾಸವಿರುತ್ತಾರೆ, ಯಾರು ರಾತ್ರಿಯಿಡೀ ಎಚ್ಚರವಿರುತ್ತಾರೆ, ಯಾರು ಊರಿಗೆ ಹೋಗಲೇಬೇಕಾಗುತ್ತದೆ ಎಂಬುದು ವಿದ್ಯಾರ್ಥಿಗಳನ್ನು ಕೇಳಿದರಷ್ಟೇ ತಿಳಿಯುತ್ತದೆ.

ಮಹಾಶಿವರಾತ್ರಿಗೆ ರಜೆ ಇದ್ದೇ ಇರುತ್ತದೆ, ಆದರೆ ಜಾಗರಣೆ ಮಾಡಿದವರಿಗೆ ಕಷ್ಟವಾಗುವುದು ಮರುದಿನ ಬೆಳಗಿನ ಪರೀಕ್ಷೆ. ಶ್ವೇತಾಂಬರ ಜೈನರ ಎಂಟು ದಿನಗಳ ಪರ್ಯುಷಣ ಮುಗಿಯುವ ಹೊತ್ತಿಗೆ ದಿಗಂಬರರ ಹತ್ತು ದಿನಗಳ ದಶಲಕ್ಷಣ ಪರ್ವ ಮೊದಲಾಗುವುದರಿಂದ, ಒಂದು ದಿನಾಂಕವನ್ನು ಗುರುತು ಹಾಕಿ ಸುಮ್ಮನಾಗುವಂತಿಲ್ಲ. ಬಂಜಾರರ ಸಂತ ಸೇವಾಲಾಲರ ಫೆಬ್ರವರಿ 15ರ ಜಯಂತಿಗೆ ತಾಂಡಾಗಳ ವಿದ್ಯಾರ್ಥಿಗಳು, ಅವರ ಜನ್ಮಸ್ಥಳವೆಂದು ನಂಬಲಾಗುವ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೊರಡುತ್ತಾರೆ.

ಹೆಚ್ಚು ಗಮನ ಬೇಡುವುದು ರಂಜಾನ್. ಚಾಂದ್ರಮಾನದ ಹಿಜರಿ ವರ್ಷದಲ್ಲಿ 354 ಅಥವಾ 355 ದಿನಗಳಿರುವುದರಿಂದ ಹಬ್ಬ ವರ್ಷಕ್ಕೆ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ. 2024ರಲ್ಲಿ ಏಪ್ರಿಲ್ 11ಕ್ಕಿದ್ದ ಈದ್, 2025ರಲ್ಲಿ ಮಾರ್ಚ್ 31ಕ್ಕೆ, ಅಂದರೆ ಯುಗಾದಿಯ ಮರುದಿನವೇ ಬಂತು. ಚಂದ್ರದರ್ಶನವಾದ ಮೇಲಷ್ಟೇ ದಿನ ಖಚಿತವಾಗುವುದರಿಂದ ಈಗ ಅತ್ತಿತ್ತ ಒಂದೊಂದು ದಿನ ಖಾಲಿ ಬಿಡುತ್ತೇನೆ. ರೋಜಾ, ಅಂದರೆ ರಂಜಾನ್ ತಿಂಗಳ ಉಪವಾಸ, ಇದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ಬೆಳಿಗ್ಗೆ ಇಟ್ಟರೆ ಆರಾಮಾಗಿ ಬರೀತೀವಿ. ಸಂಜೆ ಇಟ್ಟರೆ ಬಸ್ಸಲ್ಲೇ ಇಫ್ತಾರ್ ಹೊತ್ತಾಗುತ್ತೆ" ಎಂದಳು. ರಜೆಯ ಮಾತನ್ನೇ ಆಕೆ ಎತ್ತಲಿಲ್ಲ. ಆ ತಿಂಗಳ ಪರೀಕ್ಷೆಗಳನ್ನೆಲ್ಲ ಬೆಳಗಿನ ಅವಧಿಗೆ ತಂದೆವು. ಉಳಿದವರಿಗೂ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ಸೂಚನಾ ಫಲಕದ ಬರಹದಲ್ಲಿಯೂ ಎಚ್ಚರ ಬೇಕು. ಗುಡ್ ಫ್ರೈಡೆ ಯೇಸುವಿನ ಶಿಲುಬೆಯ ಮರಣವನ್ನು ನೆನೆಯುವ ದಿನ. ಮೊಹರಂ ಹತ್ತನೆಯ ದಿನ ಕರ್ಬಲದಲ್ಲಿ ಮಡಿದ ಇಮಾಮ್ ಹುಸೇನರಿಗಾಗಿ ಶೋಕಿಸುವವರಿದ್ದಾರೆ. ಇಂಥ ದಿನಗಳಿಗೆ 'ಹಾರ್ದಿಕ ಶುಭಾಶಯಗಳು' ಎಂದು ಬರೆಯುವುದು ಸಲ್ಲದೆಂದು ನಾನು ದೃಢವಾಗಿ ನಂಬಿದ್ದೇನೆ.

ಸೆಮಿಸ್ಟರ್ ಆರಂಭದಲ್ಲಿಯೇ ಕರಡು ವೇಳಾಪಟ್ಟಿಯನ್ನು ಫಲಕಕ್ಕೆ ಹಚ್ಚುತ್ತೇವೆ. ಜಾತಿ, ಧರ್ಮ ಯಾವುದನ್ನೂ ನಮೂದಿಸದೆ, ತನಗೆ ಅನುಕೂಲವಾಗದ ದಿನಾಂಕವನ್ನಷ್ಟೇ ಚೀಟಿಯಲ್ಲಿ ಬರೆದುಕೊಟ್ಟ ವಿದ್ಯಾರ್ಥಿಗೆ ಬದಲಿ ಪರೀಕ್ಷೆ ಇರುತ್ತದೆ, ಅದರ ದಿನವನ್ನೂ ಅಂತಿಮ ಪಟ್ಟಿಯಲ್ಲಿಯೇ ಪ್ರಕಟಿಸುತ್ತೇವೆ.