ಬೋರ್‌ವೆಲ್ ನೀರು ಬಳಸುವವರು ರೇಡಾನ್ ಬಗ್ಗೆ ತಿಳಿದಿರಲಿ

ರೇಡಾನ್ ಅಂದರೆ ಬಣ್ಣ, ವಾಸನೆ ಇಲ್ಲದ ವಿಕಿರಣಶೀಲ ಅನಿಲ. ಕಲ್ಲು, ಮಣ್ಣಿನಲ್ಲಿರುವ ಯುರೇನಿಯಂನಿಂದ ಹುಟ್ಟುತ್ತದೆ. ಮನೆಯೊಳಗೆ ಇದು ಜಾಸ್ತಿ ಬರುವುದು ನೆಲದ ಬಿರುಕುಗಳಿಂದಲೇ. ಆದರೆ ಆಳದ ನೀರಿನಲ್ಲೂ ಕರಗಿರುತ್ತದೆ, ಅದರಲ್ಲೂ ಗ್ರಾನೈಟ್ ಬಂಡೆ ಇರುವ ಕಡೆ. ನದಿ, ಕೆರೆಯ ನೀರಿನಲ್ಲಿ ಈ ಚಿಂತೆ ತೀರಾ ಕಡಿಮೆ.

ಕುಡಿಯುವುದಕ್ಕಿಂತ ಉಸಿರಾಡುವುದೇ ಇಲ್ಲಿ ದೊಡ್ಡ ವಿಷಯ. ಶವರ್ ಬಿಟ್ಟಾಗ, ಬಟ್ಟೆ ಒಗೆಯುವಾಗ, ನೀರು ಕುದಿಸುವಾಗ ಅನಿಲ ಗಾಳಿಗೆ ಸೇರುತ್ತದೆ. ಅಂದಾಜು ಲೆಕ್ಕ ಹೀಗಿದೆ: ನೀರಿನಲ್ಲಿರುವ ಮಟ್ಟದ 10,000ದಲ್ಲಿ 1 ಪಾಲು ಮನೆಯ ಗಾಳಿಗೆ ಬರುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಕೆಲವು ಬೋರ್‌ವೆಲ್‌ಗಳಲ್ಲಿ ರೇಡಾನ್ ತುಂಬಾ ಹೆಚ್ಚಿರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಏರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು.

ಮೊದಲು ಮನೆಯ ಗಾಳಿ ಪರೀಕ್ಷಿಸಿ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣಶೀಲತೆ ಅಳೆಯುವ ಮಾನ). ಅದಕ್ಕಿಂತ ಜಾಸ್ತಿ ಬಂದರೆ ನೀರನ್ನೂ ಪರೀಕ್ಷೆಗೆ ಕಳಿಸಿ. ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ತಡಮಾಡಬೇಡಿ. ಏಕೆಂದರೆ 3.8 ದಿನಕ್ಕೆ ರೇಡಾನ್ ಅರ್ಧಕ್ಕಿಳಿಯುತ್ತದೆ.

ಅಡುಗೆಮನೆಯ ನಲ್ಲಿಗಷ್ಟೇ ಫಿಲ್ಟರ್ ಹಾಕಿದರೆ ಸಾಲದು, ಬಚ್ಚಲಿನಲ್ಲಿ ಬಿಡುಗಡೆ ಆಗುತ್ತಲೇ ಇರುತ್ತದೆ ಅಲ್ವಾ? ನೀರು ಮನೆಯೊಳಗೆ ಬರುವ ಮುಂಚೆಯೇ ಅದಕ್ಕೆ ಗಾಳಿ ಹಾಯಿಸಿ, ಅನಿಲವನ್ನು ಹೊರಗೆ ಬಿಡುವ ಏರ್ಪಾಡು ನನ್ನ ಪ್ರಕಾರ ಒಳ್ಳೆಯದು. ಇದ್ದಿಲಿನ ಫಿಲ್ಟರೂ ಕೆಲಸ ಮಾಡುತ್ತದೆ, ಆದರೆ ಅದರಲ್ಲೇ ವಿಕಿರಣ ಸೇರಿಕೊಳ್ಳುತ್ತದೆ. ಹಳೆಯದನ್ನು ಸುಮ್ನೆ ಕಸಕ್ಕೆ ಎಸೆಯಬೇಡಿ. ಸ್ನಾನ ಮಾಡುವಾಗ ಕಿಟಕಿ ತೆರೆದಿಡುವುದನ್ನು ಇವತ್ತಿನಿಂದಲೇ ಶುರು ಮಾಡಬಹುದು.