ಮಳೆಗಾಲದಲ್ಲಷ್ಟೇ ಖಾಲಿ ಸಿಗುವ ಮೈದಾನ

ಗೋವಾದಲ್ಲಿ ಫುಟ್ಬಾಲ್ ಮೈದಾನ ತಿಂಗಳುಗಟ್ಟಲೆ ಖಾಲಿ ಸಿಗುವುದು ಮಳೆಗಾಲದಲ್ಲಿ ಮಾತ್ರ. ನೆಲ ಅಗೆಯಬಾರದ ಕಾಲವೂ ಅದೇ.

ನಮ್ಮದು ಸವಣೂರಿನ ಕಡೆಯ ಹಳ್ಳಿ. ನಾನು ಬೆಳೆದದ್ದು ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ. ಅದನ್ನು ನಮ್ಮ ಜನ ಈಗಲೂ ‘ಬಿರ್ಲಾ’ ಅಂತಲೇ ಕರೆಯುತ್ತಾರೆ. ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಸೈಟ್ ಇಂಜಿನಿಯರ್ ಆದೆ. 2017ರ ಅಕ್ಟೋಬರ್‌ನಲ್ಲಿ ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ನಡೆದವಲ್ಲ, ಇರಾನ್ ಹುಡುಗರು ಜರ್ಮನಿಗೆ 4–0 ಬಾರಿಸಿದ ಆಟ, ಅದನ್ನು ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ. ಪಕ್ಕದವರು ಗೋಲು ಎಣಿಸುತ್ತಿದ್ದರು. ನಾನು ಹುಲ್ಲು ನೋಡುತ್ತಾ ಇದರ ಕೆಳಗೆ ಏನೇನು ಹಾಕಿರಬಹುದು ಅಂತ ಯೋಚಿಸುತ್ತಿದ್ದೆ.

ಫಾತೋರ್ಡಾಕ್ಕೆ ಒಂದು ಅನುಕೂಲ ಇದೆ. ದೊಡ್ಡ ಕೂಟ ಬಂದಾಗಲೆಲ್ಲ ಅದನ್ನು ಸಿದ್ಧ ಮಾಡಲೇಬೇಕು. 2014ರಲ್ಲಿ ಪೋರ್ಚುಗೀಸ್ ಮಾತಾಡುವ ನಾಡುಗಳ ಲೂಸೋಫೋನಿಯಾ ಕೂಟ, 2017ರಲ್ಲಿ ವಿಶ್ವಕಪ್, 2023ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ. ದಿನಾಂಕ ಎದುರಿಗಿದ್ದರೆ ದುಡ್ಡೂ ಓಡುತ್ತದೆ, ಫೈಲೂ ಓಡುತ್ತದೆ. ನನ್ನ ಪಾಲಿಗೆ ಬಂದದ್ದು ಅಂಥದ್ದಲ್ಲ. ದಕ್ಷಿಣ ಗೋವಾದ ಒಂದು ಸಣ್ಣ ಮೈದಾನ, ಹೆಸರು ಬೇಡ. ಒಂದು ಬದಿಗೆ ಮಾತ್ರ ಗ್ಯಾಲರಿ. ನಾಲ್ಕೈದು ಕ್ಲಬ್ಬುಗಳು ಅಲ್ಲಿ ಆಡುತ್ತವೆ. ಸರ್ಕಾರದ ದುಡ್ಡಲ್ಲಿ ಅದನ್ನು ಹೊಸದು ಮಾಡುವ ಟೆಂಡರ್ ನಮ್ಮ ಕಂಟ್ರಾಕ್ಟರ್‌ಗೆ ಸಿಕ್ಕಿತು.

ಎಸ್ಟಿಮೇಟ್ ಓದಿದಾಗ ನಗು ಬಂತು. ಒಬ್ಬೊಬ್ಬರೇ ಕೂರುವ ಬಕೆಟ್ ಸೀಟು, ಬಣ್ಣ, ಗೇಟಿಗೆ ಕಮಾನು, ಗಣ್ಯರು ಕೂರುವ ಕಡೆ ಗ್ರಾನೈಟ್. ಉದ್ಘಾಟನೆಯ ಫೋಟೋದಲ್ಲಿ ಕಾಣುವುದೆಲ್ಲ ಇತ್ತು. ನೆಲದ ಬಗ್ಗೆ ಇದ್ದದ್ದು ಒಂದೇ ಸಾಲು: ಮಟ್ಟ ಮಾಡಿ ಹುಲ್ಲು ಹಾಕುವುದು.

ಮೇ ಕೊನೆಗೆ ಒಂದು ಜೋರು ಮಳೆ ಬಂತು. ಮೈದಾನ ನೋಡಿಕೊಳ್ಳುವ ಕಾಕಾ ಗದಗಿನ ಕಡೆಯವರು. ಮೂಲೆಯ ಬಾವುಟದ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. “ಸಾಹೇಬ್ರ, ಬೂಟ್ ಬಿಚ್ಚಿ ಇಲ್ಲಿ ನಿಲ್ರಿ” ಅಂದರು. ನಿಂತೆ. ಕಾಲು ಗಿಣ್ಣಿನವರೆಗೆ ಹೋಯಿತು. ನಮ್ಮೂರು ಯಾವುದು ಅಂತ ಕೇಳಿದರು. ಸವಣೂರು ಕಡೆ ಅಂದ ಮೇಲೆ ‘ಸಾಹೇಬ್ರ’ ಹೋಗಿ ‘ತಮ್ಮಾ’ ಆಯಿತು. “ತಮ್ಮಾ, ಮ್ಯಾಲ ಏನ ಬೇಕಾದ್ದ ಮಾಡ್ರಿ. ಇಲ್ಲಿ ನೀರ ನಿಂತ್ರ ಆಡಾವ್ರ ಯಾರು?”

ಮರುದಿನ ಅಲ್ಲೇ ಎರಡು ಅಡಿ ಗುಂಡಿ ತೋಡಿಸಿದೆ. ಹಳೆಯ ಪೈಪು ಇತ್ತು, ಅದರ ತುಂಬ ಕೆಂಪು ಜೇಡಿ. ಸುತ್ತ ಸೋಸುವ ಬಟ್ಟೆ ಸುತ್ತದೆ ಹೂತಿದ್ದರು. ಗೋವಾದ ಕೆಂಪು ಮಣ್ಣಿನಲ್ಲಿ ಹಾಗೆ ಮಾಡಿದರೆ ಪೈಪು ಕಟ್ಟಿಕೊಳ್ಳುವುದು ಗ್ಯಾರಂಟಿ.

ಇಲ್ಲಿ ಒಂದು ಲೆಕ್ಕ ಹೇಳಬೇಕು. 105 ಮೀಟರ್ ಉದ್ದ, 68 ಮೀಟರ್ ಅಗಲ. ಆಟದ ಜಾಗವೇ 7,140 ಚದರ ಮೀಟರ್. ಒಂದು ದಿನ 10 ಸೆಂಟಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಬೀಳುವುದು 7 ಲಕ್ಷ ಲೀಟರಿಗೂ ಜಾಸ್ತಿ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಎಪ್ಪತ್ತೊಂದಕ್ಕೂ ಜಾಸ್ತಿ ಬೇಕು. ಜುಲೈನಲ್ಲಿ ಇಲ್ಲಿ ಅಂಥ ದಿನ ಅಪರೂಪವಲ್ಲ. ಎಸ್ಟಿಮೇಟ್ ಬದಲಿಸಿ ಅಂತ ಇಲಾಖೆಗೆ ಕೊಟ್ಟ ಪತ್ರದಲ್ಲಿ ಇದನ್ನೇ ಬರೆದೆ. ಗುಂಡಿಯ ಫೋಟೋ, ಕೆಸರಿನಲ್ಲಿ ಹೂತ ಕಾಲಿನ ಫೋಟೋ ಎರಡನ್ನೂ ಲಗತ್ತಿಸಿದೆ. ಹೊಸ ದುಡ್ಡು ಕೇಳಲಿಲ್ಲ. ಕಮಾನು, ಗ್ರಾನೈಟ್ ಬಿಟ್ಟು ಆ ಮೊತ್ತ ನೆಲಕ್ಕೆ ಹಾಕಿ ಅಂದೆ. ಹೊಸ ದುಡ್ಡು ಕೇಳಿದ್ದರೆ ಫೈಲು ಇನ್ನೂ ಓಡಾಡುತ್ತಿತ್ತು. ಮೂರು ವಾರಕ್ಕೆ ಒಪ್ಪಿಗೆ ಬಂತು. ಗ್ರಾನೈಟ್ ಹೋಯಿತು, ಕಮಾನು ಮಾತ್ರ ಉಳಿಯಿತು. ಯಾಕೆ ಅಂತ ನಾನು ಕೇಳಲಿಲ್ಲ.

ಮಾಡಿದ್ದು ಹೀಗೆ. ಮೀನಿನ ಮುಳ್ಳಿನ ಹಾಗೆ ನಡುವೆ ಒಂದು ದೊಡ್ಡ ಕಾಲುವೆ, ಎರಡೂ ಕಡೆಗೆ ಐದೈದು ಮೀಟರಿಗೆ ಒಂದು ಸಣ್ಣ ಕಾಲುವೆ. ಒಳಗೆ ಜಿಯೋಟೆಕ್ಸ್‌ಟೈಲ್ ಅನ್ನುವ ಸೋಸುವ ಬಟ್ಟೆ ಹಾಸಿ, ತೂತಿನ ಪೈಪು ಇಟ್ಟು, ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚಿದೆವು. ಮೈದಾನದ ನಡುಭಾಗ ಬದಿಗಿಂತ 17 ಸೆಂಟಿಮೀಟರ್ ಎತ್ತರ. ಕೂತು ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪೂರ್ತಿ ಮೈದಾನಕ್ಕೆ 30 ಸೆಂಟಿಮೀಟರ್ ಮರಳು ಹಾಕಬೇಕು ಅನ್ನುತ್ತದೆ ಪುಸ್ತಕ. ಅದಕ್ಕೆ ಎರಡು ಸಾವಿರ ಘನ ಮೀಟರಿಗೂ ಜಾಸ್ತಿ ಮರಳು ಬೇಕು. ನಮ್ಮ ದುಡ್ಡಿಗೆ 10 ಸೆಂಟಿಮೀಟರೇ ಸಿಕ್ಕಿತು. ಲಾರಿ ಬಂದಾಗಲೆಲ್ಲ ಒಂದು ಮುಷ್ಟಿ ಮರಳನ್ನು ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ ಇಡುತ್ತಿದ್ದೆ. ಮೇಲೆ ಕೆಸರಿನ ಪದರ ದಪ್ಪ ಕೂತರೆ ಲಾರಿ ವಾಪಸ್. ಡ್ರೈವರುಗಳು ನನಗೆ ‘ಬಾಟಲಿ ಸಾಹೇಬ’ ಅಂತ ಹೆಸರಿಟ್ಟರು. ಆ ಹೆಸರು ಕೇಳಿ ಮನೆಯಲ್ಲಿ ಬೇರೆಯೇ ಅರ್ಥ ಮಾಡಿಕೊಂಡರು.

ಕಾಲುವೆ ಮುಚ್ಚುವ ಮೊದಲು ಎಂಬಿಯಲ್ಲಿ ಅಳತೆ ಬರೆಸಲೇಬೇಕು. ಎಂಬಿ ಅಂದರೆ ಅಳತೆ ಪುಸ್ತಕ. ಅದರಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಇಲ್ಲ. ಮಣ್ಣಿನೊಳಗೆ ಹೋದ ಪೈಪನ್ನು ಆಮೇಲೆ ಯಾರಿಗೆ ತೋರಿಸುತ್ತೀರಿ? ಅಳತೆಗೆ ಬರುವವರನ್ನು ಕಾಯುತ್ತಾ ನಾಲ್ಕು ದಿನ ಕಾಲುವೆಗಳಿಗೆ ತಾಡಪಾಲು ಹೊದಿಸಿ ಕೂತಿದ್ದೆವು. ಆ ನಾಲ್ಕು ದಿನವೂ ಮಳೆ.

ದೊಡ್ಡ ತಪ್ಪು ಮಾಡಿದ್ದು ನಾನೇ. ನಮ್ಮ ನೀರು ರಸ್ತೆಬದಿಯ ಗಟಾರಕ್ಕೆ ಹೋಗಬೇಕಿತ್ತು. ಅದರ ಮಟ್ಟವನ್ನು ನಾನು ಅಳೆದದ್ದು ಮೇ ಶುರುವಿನಲ್ಲಿ, ಗಟಾರ ಒಣಗಿದ್ದಾಗ. ಜುಲೈನಲ್ಲಿ ಗಟಾರ ಅಂಚಿನವರೆಗೆ ತುಂಬಿ ನಮ್ಮ ಪೈಪಿನ ಬಾಯಿಗಿಂತ ಮೇಲೆ ಬಂತು. ಊರಿನ ನೀರೆಲ್ಲ ಪೈಪಿನೊಳಗೆ ಹಿಂದಕ್ಕೆ ನುಗ್ಗಿ ಮೈದಾನಕ್ಕೆ ಬಂತು. ಆಗಷ್ಟೇ ನೆಟ್ಟ ಬರ್ಮುಡಾ ಹುಲ್ಲಿನ ಕಡ್ಡಿಗಳು ತೇಲಿಕೊಂಡು ಗೋಲಿನ ಕಂಬಕ್ಕೆ ಸುತ್ತಿಕೊಂಡವು. ಆಮೇಲೆ ಮೂಲೆಯಲ್ಲಿ ಒಂದು ತೊಟ್ಟಿ ಕಟ್ಟಿ, ಪೈಪಿಗೆ ಒಂದೇ ಕಡೆ ತೆರೆಯುವ ವಾಲ್ವ್ ಹಾಕಿ, ಪಂಪು ಇಟ್ಟೆವು. ಆ ಖರ್ಚಿನಲ್ಲಿ ಒಂದು ಪಾಲು ಕಂಟ್ರಾಕ್ಟರ್ ಜೇಬಿನದು. ಒಂದು ತಿಂಗಳು ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹುಲ್ಲನ್ನು ಮಳೆ ತಗ್ಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಮತ್ತೆ ನೆಟ್ಟೆವು. ಅದು ಹಿಡಿಯಲು ಎರಡು ಮೂರು ತಿಂಗಳು ಬೇಕು. ಆ ಸೀಸನ್ನಿನ ಮೊದಲ ಆಟಗಳನ್ನೆಲ್ಲ ಕ್ಲಬ್ಬುಗಳು ಬೇರೆ ಕಡೆ ಆಡಬೇಕಾಯಿತು.

ಗ್ಯಾಲರಿ ಕಡೆ ಬಂದರೆ, ಅಭಿಮಾನಿಗಳನ್ನು ಕೇಳಿದ್ದು ಒಳ್ಳೆಯದಾಯಿತು. ಬಕೆಟ್ ಸೀಟು ಚೆಂದ ಕಾಣುತ್ತದೆ, ಆದರೆ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂರುತ್ತಿದ್ದಷ್ಟು ಜನ ಹಿಡಿಯುವುದಿಲ್ಲ. ಡೋಲು ಬಡಿಯುವ ಹುಡುಗರು ಸೀಟಿನ ಮೇಲೇ ಹತ್ತಿ ನಿಲ್ಲುತ್ತಾರೆ, ಒಂದೇ ಸೀಸನ್ನಿಗೆ ಸೀಟು ಮುರಿಯುತ್ತದೆ. ಅವರ ಕೊನೆಯ ಎರಡು ಸಾಲನ್ನು ಬರೀ ಮೆಟ್ಟಿಲಾಗಿಯೇ ಬಿಟ್ಟೆವು. ಹೆಂಗಸರ ಟಾಯ್ಲೆಟ್ ನಕ್ಷೆಯಲ್ಲಿ ಇತ್ತು. ಹೋಗಿ ಬೀಗ ತೆಗೆಸಿದರೆ ಒಳಗೆ ಬಲೆ, ಸುಣ್ಣದ ಚೀಲ, ಮುರಿದ ಕುರ್ಚಿ. ಅದಕ್ಕೆ ನೀರು, ಲೈಟು ಕೊಟ್ಟು ತೆರೆಸಿದ್ದು ಇಡೀ ಕೆಲಸದಲ್ಲಿ ತೀರಾ ಕಮ್ಮಿ ಖರ್ಚಿನದು. ಅಭಿಮಾನಿಗಳು ಈಗಲೂ ಮೆಚ್ಚಿ ಮಾತಾಡುವುದು ಅದನ್ನೇ. ಗೇಟಿನ ಹೊರಗೆ ಗಿರ್ಮಿಟ್ ಮಾರುವ ನಮ್ಮ ಕಡೆಯ ಅಕ್ಕನ ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು ಕಂಪೌಂಡ್ ಎಳೆದೆ. ನಕ್ಷೆಯಲ್ಲಿ ಅದಕ್ಕೆ ‘ತಿರುವು’ ಅಂತ ಬರೆದಿದೆ.

ಕ್ಲಬ್ಬುಗಳ ವಿಷಯದಲ್ಲಿ ಮಾತ್ರ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೈದಾನ ಹೊಸದಾದ ಮೇಲೆ ಬಾಡಿಗೆ ಏರಿತು. ವಾರಕ್ಕೆ ಮೂರು ದಿನ ಅಭ್ಯಾಸ ಮಾಡುತ್ತಿದ್ದ ಒಂದು ಬಡ ಕ್ಲಬ್ಬು ಈಗ ಒಂದೇ ದಿನ ಬರುತ್ತದೆ. ಉಳಿದ ದಿನ ಹುಡುಗರು ಆಚೆ ಗದ್ದೆಯಲ್ಲಿ ಆಡುತ್ತಾರೆ.

ಮುಂದಿನ ವರ್ಷದ ಮಳೆಯಲ್ಲಿ ಒಂದು ಭಾನುವಾರ ಸುಮ್ನೆ ನೋಡಲು ಹೋದೆ. ಮೂಲೆಯಲ್ಲಿ ಬೂಟು ಬಿಚ್ಚಿ ನಿಂತೆ, ಕಾಲು ಹೋಗಲಿಲ್ಲ. ಪಂಪು ಓಡುತ್ತಿತ್ತು. ಕಾಕಾ ಬಂದು “ತಮ್ಮಾ, ಪಂಪಿನ ಫ್ಯೂಸ್ ಎರಡ ಸಲ ಹೋತು, ನಾನ ಕೈಯಿಂದ ರೊಕ್ಕ ಹಾಕಿ ತಂದೀನಿ, ಯಾರ್ನ ಕೇಳೂದು?” ಅಂದರು. ರಿಪೇರಿ, ನಿರ್ವಹಣೆಗೆ ನಮ್ಮ ಎಸ್ಟಿಮೇಟಿನಲ್ಲಿ ಒಂದು ಸಾಲೂ ಇರಲಿಲ್ಲ. ಪತ್ರ ಬರೆಯುವಾಗ ನನಗೂ ಅದು ಹೊಳೆದಿರಲಿಲ್ಲ. ಫ್ಯೂಸಿನ ದುಡ್ಡು ಕೊಟ್ಟೆ. ಕಾಕಾ ಎಣಿಸಿ ಜೇಬಿಗಿಟ್ಟುಕೊಂಡು, ಆ ಕಡೆ ಗೋಲಿನ ಹತ್ತಿರ ಇನ್ನೂ ಮೆತ್ತಗಿದೆ ಅಂತ ತೋರಿಸಲು ಕರೆದುಕೊಂಡು ಹೊರಟರು.