ಟೂಲೂಸ್‌ನಿಂದ ಕಡಲಿಗೆ, ಕಾಲುವೆ ಏರಿಯ ಮೇಲೆ: ಗ್ರಾವೆಲ್ ಸೈಕಲ್ ಪ್ರವಾಸ ಹೀಗೆ ಮಾಡಿ

ವಿದೇಶದಲ್ಲಿ ಒಮ್ಮೆ ಸೈಕಲ್ ತುಳಿಯಬೇಕು, ಆದರೆ ಘಾಟಿ ಹತ್ತುವ ಕಸುವಿಲ್ಲ, ಲಾರಿಗಳ ನಡುವೆ ನುಗ್ಗುವ ಧೈರ್ಯವೂ ಇಲ್ಲ ಎನ್ನುವವರಿಗೆ ನಾನು ತೋರಿಸುವ ದಾರಿ ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ. ಟೂಲೂಸ್ ನಗರದಿಂದ ಮೆಡಿಟರೇನಿಯನ್ ಅಂಚಿನ ತೋ ಸರೋವರದವರೆಗೆ 240 ಕಿ.ಮೀ. ಉದ್ದದ ಈ ಕಾಲುವೆಯನ್ನು 1666ರಿಂದ 1681ರ ನಡುವೆ ತೋಡಿದರು. ದೋಣಿಗಳಿಗೆ ಕುದುರೆ ಕಟ್ಟಿ ಎಳೆಯುತ್ತಿದ್ದ ಏರಿಯೇ ಇವತ್ತಿನ ಸೈಕಲ್ ದಾರಿ. ಕಾಲುವೆ ಗುಡ್ಡಗಳನ್ನು ಬಳಸಿಕೊಂಡು ಸಮತಟ್ಟಾಗಿ ಸಾಗುವುದರಿಂದ ಏರಿಯೂ ಹಾಗೆಯೇ ಸಾಗುತ್ತದೆ. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಗಳನ್ನು ದಾಟಿಸುವ ಬಾಗಿಲುಕಟ್ಟೆ, ಅಂದರೆ ಲಾಕ್ ಇರುವಲ್ಲಿ ಮಾತ್ರ ಸಣ್ಣದೊಂದು ಏರು ಅಥವಾ ಇಳಿಜಾರು.

ಇನ್ನೊಂದು ಅನುಕೂಲವಿದೆ. ಟೂಲೂಸ್, ಕಾಸ್ತೆಲ್‌ನೊದಾರಿ, ಕಾರ್ಕಸೋನ್, ಬೆಜಿಯೆ, ಆಗ್ದ್, ಸೆತ್ ಎಲ್ಲವೂ ಒಂದೇ ರೈಲು ಮಾರ್ಗದಲ್ಲಿವೆ. ಮಳೆ ಹಿಡಿಯಿತೇ, ಮಂಡಿ ನೋಯಿತೇ, ಹತ್ತಿರದ ನಿಲ್ದಾಣಕ್ಕೆ ಹೋಗಿ ಸೈಕಲ್ ಸಮೇತ ಪ್ರಾದೇಶಿಕ ರೈಲು ಹತ್ತಬಹುದು.

ಮೊದಲು ಕಾಲ, ದಿಕ್ಕು, ವೀಸಾ

ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಕಟುವಾಗಿರುತ್ತದೆ, ವಸತಿಗೂ ಪೈಪೋಟಿ. ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಇಲ್ಲಿ ಸೆರ್ಸ್ ಎಂಬ ವಾಯವ್ಯದ ಗಾಳಿ ಜೋರಾಗಿ ಬೀಸುತ್ತದೆ, ಅದು ಬೆನ್ನಿಗಿದ್ದರೆ ಅರ್ಧ ಶ್ರಮ ಉಳಿಯಿತು. ಆಗ್ನೇಯದ ಗಾಳಿ ಎದುರಾದ ದಿನ ಮಾತ್ರ ದೂರದ ಲೆಕ್ಕ ಬಿಟ್ಟು ಬೇಗ ತಂಗುವುದು ಜಾಣತನ.

ಭಾರತದಿಂದ ಹೋಗುವವರಿಗೆ ಷೆಂಗನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಸತಿಯ ವಿವರವನ್ನೂ ಕೇಳುತ್ತಾರೆ. ಸೈಕಲ್ ಪ್ರವಾಸದಲ್ಲಿ ಊರುಗಳು ಹಿಂದುಮುಂದಾಗುವುದು ಸಹಜ, ಹಾಗಾಗಿ ರದ್ದು ಮಾಡಲು ಬರುವ ಕೊಠಡಿಗಳನ್ನೇ ಕಾಯ್ದಿರಿಸಿ. ‘ಅಕ್ಯೂಯಿ ವೆಲೊ’ ಎಂಬ ಫಲಕವಿರುವ ವಸತಿಗಳು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿರುತ್ತವೆ, ಸೈಕಲ್ ಇಡಲು ಭದ್ರವಾದ ಜಾಗವನ್ನೂ ಕೊಡುತ್ತವೆ.

ಸೈಕಲ್ ಮತ್ತು ರಸ್ತೆ ನಿಯಮ

ಜಲ್ಲಿ, ಮಣ್ಣಿನ ದಾರಿಗೆ ಹೊಂದುವ ಗ್ರಾವೆಲ್ ಸೈಕಲ್ಲನ್ನು ಬೆಂಗಳೂರಿನಿಂದ ಹೊತ್ತೊಯ್ಯುವ ಬದಲು ಟೂಲೂಸ್‌ನಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು ನನ್ನ ಸಲಹೆ. ಟಯರ್ ಅಗಲ 40 ಮಿ.ಮೀ. ಆಸುಪಾಸು ಇರಲಿ. ಟೂಲೂಸ್‌ನಿಂದ ಸುಮಾರು 50 ಕಿ.ಮೀ. ಪೋರ್ಟ್ ಲೊರಾಗೆವರೆಗೆ ಡಾಂಬರು ದಾರಿ, ಅಲ್ಲಿ ಯಾವ ಸೈಕಲ್ಲಾದರೂ ನಡೆಯುತ್ತದೆ. ಓದ್ ಜಿಲ್ಲೆಗೆ ಕಾಲಿಟ್ಟ ಮೇಲೆ ಜಲ್ಲಿ, ಮಣ್ಣು, ಕೆಲವೆಡೆ ಒಂದೇ ಸೈಕಲ್ ಹಿಡಿಸುವ ಕಾಲುದಾರಿ. ಮರದ ಬೇರುಗಳು ನೆಲದಿಂದ ಎದ್ದು ನಿಂತಿರುತ್ತವೆ. ಟಯರಿನ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೆ ಅಂಗೈಗೆ ನೆಮ್ಮದಿ. ಮಳೆ ಬಂದ ಮರುದಿನ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಆಗ ಪಕ್ಕದ ಹಳ್ಳಿರಸ್ತೆ ಹಿಡಿಯಿರಿ.

ಅಲ್ಲಿ ರಸ್ತೆಯ ಬಲಬದಿ ನಮ್ಮದು. ಮೊದಲ ದಿನ ತಿರುವುಗಳಲ್ಲಿ ಬಹಳ ಎಚ್ಚರ ಬೇಕು, ರೂಢಿ ನಮ್ಮನ್ನು ಎಡಕ್ಕೇ ಎಳೆಯುತ್ತದೆ. ಬೆಲ್ ಕಡ್ಡಾಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತುಳಿಯುವಂತಿಲ್ಲ. ಊರಾಚೆ ಕತ್ತಲಲ್ಲಿ ಹೊಳೆಯುವ ಜಾಕೆಟ್ ತೊಡಲೇಬೇಕು. ತುರ್ತು ಕರೆಗೆ 112.

ನೊರೂಜ್‌ನಲ್ಲಿ ನಿಲ್ಲಿ

ಹೆಚ್ಚಿನವರು ಮೊದಲ ದಿನವೇ 65 ಕಿ.ಮೀ. ಮುಗಿಸಿ ಕಾಸ್ತೆಲ್‌ನೊದಾರಿ ತಲುಪುವ ಆತುರದಲ್ಲಿ ನೊರೂಜ್‌ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಾಲುವೆಯ ಜೀವ ಇರುವುದೇ ಅಲ್ಲಿ. ಸುಮಾರು 190 ಮೀಟರ್ ಎತ್ತರದ ಈ ದಿಣ್ಣೆಯ ಒಂದು ಕಡೆ ಬಿದ್ದ ಮಳೆ ಅಟ್ಲಾಂಟಿಕ್ ಸೇರುತ್ತದೆ, ಇನ್ನೊಂದು ಕಡೆ ಬಿದ್ದದ್ದು ಮೆಡಿಟರೇನಿಯನ್ ಸೇರುತ್ತದೆ. ಎರಡು ಕಡಲುಗಳನ್ನು ಜೋಡಿಸುವ ಕನಸು ಹಳೆಯದು. ಆದರೆ ಕಾಲುವೆಯ ಈ ನೆತ್ತಿಗೆ ನೀರು ತರುವುದು ಹೇಗೆಂಬುದೇ ಬಿಡಿಸಲಾಗದ ಕಗ್ಗಂಟಾಗಿತ್ತು. ಅದನ್ನು ಬಿಡಿಸಿದ ಪಿಯರ್-ಪಾಲ್ ರಿಕೆ ಎಂಜಿನಿಯರ್ ಅಲ್ಲ, ಬೆಜಿಯೆಯಲ್ಲಿ ಹುಟ್ಟಿದ ಉಪ್ಪಿನ ತೆರಿಗೆ ವಸೂಲಿಯ ಅಧಿಕಾರಿ. ಮೊಂತಾನ್ಯ್ ನ್ವಾರ್ ಬೆಟ್ಟದ ತೊರೆಗಳನ್ನು ತಡೆದು, ಸೇಂಟ್ ಫೆರಿಯೋಲ್ ಎಂಬಲ್ಲಿ ಕೆರೆ ಕಟ್ಟಿಸಿ, ಸಣ್ಣ ಕಾಲುವೆಗಳಲ್ಲಿ ಆ ನೀರನ್ನು ನೊರೂಜ್‌ಗೆ ಇಳಿಸಿದ. ಕೆಲಸ ಭರದಲ್ಲಿದ್ದಾಗ ಸುಮಾರು 12,000 ಜನ ದುಡಿದರು, ಅವರಲ್ಲಿ ಹೆಂಗಸರೂ ಇದ್ದರು. ತನ್ನ ಆಸ್ತಿಯನ್ನೆಲ್ಲ ಸುರಿದ ರಿಕೆ 1680ರಲ್ಲಿ ಸಾಲ ಉಳಿಸಿ ತೀರಿಕೊಂಡ. ಕಾಲುವೆ ತೆರೆದದ್ದು ಮರುವರ್ಷ ಮೇ ತಿಂಗಳಲ್ಲಿ.

ಆ ಸಣ್ಣ ಕಾಲುವೆಗೆ ರಿಗೋಲ್ ಎನ್ನುತ್ತಾರೆ. ಅದರ ದಂಡೆಯ ದಾರಿಯೇ ಇಡೀ ಪ್ರವಾಸದ ಅತ್ಯುತ್ತಮ ಗ್ರಾವೆಲ್ ದಾರಿ: ಮರದ ನೆರಳು, ಹೊಲಗಳು, ತಿರುವಿನ ಮೇಲೆ ತಿರುವು. ದಾರಿ 14ನೇ ಶತಮಾನದಲ್ಲಿ ಯೋಜನೆ ಹಾಕಿ ಕಟ್ಟಿದ ರೆವೆಲ್ ಪಟ್ಟಣದತ್ತ ಸಾಗುತ್ತದೆ. ಶನಿವಾರ ತಲುಪುವಂತೆ ನೋಡಿಕೊಂಡರೆ ಅಲ್ಲಿನ ಹಳೆಯ ಮರದ ಚಾವಣಿಯ ಕೆಳಗೆ ಸಂತೆ ಸಿಗುತ್ತದೆ. ಅಲ್ಲಿಂದ ಕೆರೆಗೆ ಒಂದು ಗಟ್ಟಿ ಏರು. ಈ ಅಡ್ಡದಾರಿಗೆ ಪೂರ್ತಿ ಒಂದು ದಿನ ಕೊಡಿ. ಮುಂದಿನ ದಿನಗಳಲ್ಲಿ ಪಕ್ಕದಲ್ಲೇ ಸಾಗುವ ನೀರು ಎಲ್ಲಿಂದ ಬಂತೆಂದು ಕಣ್ಣಾರೆ ಕಂಡಿರುತ್ತೀರಿ.

ಮುಂದಿನ ದಿನಗಳು

ಕಾಸ್ತೆಲ್‌ನೊದಾರಿಯಿಂದ ಕಾರ್ಕಸೋನ್‌ಗೆ ಸುಮಾರು 40 ಕಿ.ಮೀ. ಲಾಕ್‌ಗಳ ಕಟ್ಟೆ ನೋಡುತ್ತ ಹೋಗಿ. ಹೊರಗಿನ ಮಣ್ಣಿನ ಒತ್ತಡ ತಡೆಯಲೆಂದೇ ರಿಕೆ ಗೋಡೆಗಳನ್ನು ಬಾಗಿಸಿ ಮೊಟ್ಟೆಯಾಕಾರದಲ್ಲಿ ಕಟ್ಟಿಸಿದ. ಕಾರ್ಕಸೋನ್ ಕೋಟೆಗೆ ಎರಡು ಸುತ್ತಿನ ಗೋಡೆ, 52 ಬುರುಜು. ಹಗಲಲ್ಲಿ ಜನಜಂಗುಳಿ ಇರುವುದರಿಂದ ಅಲ್ಲೇ ಉಳಿದು ಬೆಳಗ್ಗೆ ಬೇಗ ಹೋಗಿ.

ಆಮೇಲೆ ಲ ಸೊಮಾಯ್‌ವರೆಗೆ 60 ಕಿ.ಮೀ. ಈ ಭಾಗದಲ್ಲಿ ಮನಸ್ಸು ಭಾರವಾಗುತ್ತದೆ. ಕಾಲುವೆಯುದ್ದಕ್ಕೂ ಪ್ಲೇನ್ ಎಂಬ ಜಾತಿಯ ಸುಮಾರು 42,000 ನೆರಳಿನ ಮರಗಳಿದ್ದವು. 2006ರಲ್ಲಿ ಇಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗಕ್ಕೆ ಮದ್ದಿಲ್ಲ. ಬೇರಿನಿಂದ ಬೇರಿಗೆ, ನೀರಿನ ಮೂಲಕವೂ ಹಬ್ಬುವುದರಿಂದ ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ, ಅವು ನೆರಳು ಕೊಡಲು ವರ್ಷಗಳು ಬೇಕು. ಬೋಳಾದ ಕಡೆಗಳನ್ನು ಬೆಳಗಿನ ತಂಪಿನಲ್ಲೇ ದಾಟಿ. ಮರಕ್ಕಾದ ಗಾಯದಿಂದಲೂ ಸೋಂಕು ಒಳಹೋಗುತ್ತದೆ, ಸೈಕಲ್ ಸರಪಳಿಯನ್ನು ಯಾವ ಮರಕ್ಕೂ ಸುತ್ತಬೇಡಿ.

ಕಾಲಲ್ಲಿ ಕಸುವು ಉಳಿದಿದ್ದರೆ ಓಂಪ್ಸ್ ಊರಿನಿಂದ ದ್ರಾಕ್ಷಿತೋಟಗಳ ನಡುವೆ ಮಿನೆರ್ವ್‌ಗೆ ಹತ್ತಿ. ಆಳವಾದ ಕಮರಿಗಳ ನಡುವಿನ ಬಂಡೆಯ ಮೇಲೆ ನಿಂತ ಹಳ್ಳಿ ಅದು. 1210ರ ಮುತ್ತಿಗೆಯ ನಂತರ ಧರ್ಮ ಬಿಡಲೊಪ್ಪದ ಸುಮಾರು 140 ಕ್ಯಾಥರ್ ಜನರನ್ನು (ರೋಮನ್ ಚರ್ಚು ಒಪ್ಪದ ಕ್ರೈಸ್ತ ಪಂಥದವರು) ಇಲ್ಲಿ ಜೀವಂತ ಸುಟ್ಟರು.

ಲ ಸೊಮಾಯ್‌ನಿಂದ ಬೆಜಿಯೆಗೆ ಸುಮಾರು 40 ಕಿ.ಮೀ., ಬೆಜಿಯೆ ಅಂಚಿನ ಫೊನ್ಸೆರಾನ್ ತನಕ ಒಂದೂ ಲಾಕ್ ಇಲ್ಲ. ಮಾಲ್‌ಪಾಸ್‌ನಲ್ಲಿ ಕಾಲುವೆ ಗುಡ್ಡದೊಳಗೆ ನುಗ್ಗುತ್ತದೆ, ದೋಣಿ ಸಾಗಲು ಕೊರೆದ 17ನೇ ಶತಮಾನದ ಸುರಂಗ. ಸೈಕಲ್ ನಿಲ್ಲಿಸಿ ಮೇಲಿನ ಆನ್ಸೆರೂನ್ ದಿಬ್ಬಕ್ಕೆ ಹೋದರೆ ಮೊಂತಾದಿ ಕಾಣುತ್ತದೆ. 1247ರಲ್ಲಿ ನೀರು ಬಸಿದು ಹೊಲ ಮಾಡಿದ ಆ ಕೆರೆಯಂಗಳದ ಗೆರೆಗಳು ಗಾಡಿಚಕ್ರದ ಅರಕಾಲುಗಳಂತೆ ನಡುವಿಗೆ ಸೇರುತ್ತವೆ. ಫೊನ್ಸೆರಾನ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಲಾಕ್‌ಗಳು ದೋಣಿಗಳನ್ನು 20 ಮೀಟರಿಗೂ ಹೆಚ್ಚು ಇಳಿಸುತ್ತವೆ. ಒಂದು ದೋಣಿ ಪೂರ್ತಿ ಇಳಿಯುವವರೆಗಾದರೂ ಕಾದು ನೋಡಿ.

ಊಟ, ನೀರು, ಹೊತ್ತು

ಹಳ್ಳಿಗಳಲ್ಲಿ ಮಧ್ಯಾಹ್ನ 12ರಿಂದ 2ರವರೆಗೆ ಅಂಗಡಿ ಮುಚ್ಚಿರುತ್ತವೆ, ಹೋಟೆಲುಗಳಲ್ಲಿ ಊಟ ಸಿಗುವುದೂ ಅಷ್ಟೇ ಹೊತ್ತು. ಭಾನುವಾರ ಮಧ್ಯಾಹ್ನ, ಸೋಮವಾರ ಬಹಳಷ್ಟು ಕಡೆ ಬಾಗಿಲು ತೆರೆಯುವುದೇ ಇಲ್ಲ. ಬೆಳಗ್ಗೆಯೇ ಬ್ರೆಡ್, ಚೀಸ್, ಹಣ್ಣು ಕಟ್ಟಿಕೊಳ್ಳಿ. ಇಲ್ಲಿನ ಹೆಸರುವಾಸಿ ಕಸುಲೆ ನೋಡಲು ಅವರೆಕಾಳಿನ ಹುಳಿಯಂತಿದ್ದರೂ ಅದರಲ್ಲಿ ಬಾತುಕೋಳಿ, ಹಂದಿಮಾಂಸ ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಕುಡಿಯುವ ನೀರಿಗೆ ಊರ ಸ್ಮಶಾನದ ನಲ್ಲಿಯನ್ನು ಸೈಕಲ್ಲಿಗರು ನೆಚ್ಚಿಕೊಳ್ಳುತ್ತಾರೆ. ‘ನೋ ಪೊತಾಬ್ಲ್’ (ಕುಡಿಯಲು ಯೋಗ್ಯವಲ್ಲ) ಎಂಬ ಫಲಕವಿದ್ದರೆ ಮಾತ್ರ ಆ ನೀರು ಮುಟ್ಟಬೇಡಿ. ಎಲ್ಲಿ ಹೋದರೂ ಮೊದಲು ‘ಬೊಂಜೂರ್’ (ನಮಸ್ಕಾರ) ಎನ್ನಿ. ಅದಿಲ್ಲದೆ ಏನನ್ನಾದರೂ ಕೇಳುವುದು ಅಲ್ಲಿ ಒರಟುತನ.

ಕೊನೆಯ ಹಂತ

ಬೆಜಿಯೆ ದಾಟಿದ ಮೇಲೆ ದಾರಿ ಸುಲಭ. ಆಗ್ದ್‌ನ ದುಂಡು ಲಾಕ್ ನೋಡಿಕೊಂಡು, ಕಾಲುವೆ ಮುಗಿಯುವ ಓಂಗ್ಲೂವರೆಗೆ ಹೋಗಿ. ಅಲ್ಲಿಂದ ಒಂದು ಬದಿ ಸರೋವರ, ಇನ್ನೊಂದು ಬದಿ ಕಡಲು, ನಡುವಿನ ಮರಳುಪಟ್ಟಿಯ ಸೈಕಲ್ ದಾರಿ ಸೆತ್‌ಗೆ ಮುಟ್ಟಿಸುತ್ತದೆ. ಟೂಲೂಸ್‌ಗೆ ಮರಳಲು ಬೆಳಗಿನ ಪ್ರಾದೇಶಿಕ ರೈಲನ್ನೇ ಹಿಡಿಯಿರಿ. ಬೇಸಿಗೆಯಲ್ಲಿ ಸೈಕಲ್ ಇಡುವ ಜಾಗ ಬೇಗ ತುಂಬುತ್ತದೆ. ಬಾಡಿಗೆ ಸೈಕಲ್ಲನ್ನು ಈ ತುದಿಯಲ್ಲೇ ಒಪ್ಪಿಸಬಹುದೇ ಎಂದು ಟೂಲೂಸ್‌ನಲ್ಲಿ ಹೊರಡುವ ಮೊದಲೇ ಕೇಳಿಕೊಂಡಿರಿ.